ರಮಜಾನಸಾಬನ ಬೀಗಲ್

ಜೂನ್ ೮, ರವಿವಾರ

ನಿವೃತ್ತಿಯಾಗಿ ಎಂಟು ದಿನ. ಬೀಳ್ಕೊಡುಗೆಯಲ್ಲಿ ಶಾಲು, ಹಾರದ ಜೊತೆ ಕೊಟ್ಟ ಈ ಡೈರಿಯಲ್ಲಿ ಏನು ಬರೆಯುವುದೆಂದು ಯೋಚಿಸುತ್ತಿದ್ದೆ. ಇವತ್ತು ವಿಷಯ ತಾನಾಗಿಯೇ ನಾಲ್ಕು ಕಾಲಲ್ಲಿ ನಡೆದು ಬಂತು.

ಮೂಡಲಗಿಯಿಂದ ಗೋಕಾಕದ ನಮ್ಮ ಮನೆಗೆ ರಮಜಾನಸಾಬ ಮಗಳು ಸೈಮಾಳನ್ನು ಕರೆದುಕೊಂಡು ಬಂದಿದ್ದ. ಹುಕ್ಕೇರಿ, ಯಮಕನಮರಡಿಯ ದನದ ದವಾಖಾನೆಗಳಲ್ಲಿ ಇಪ್ಪತ್ತೆರಡು ವರ್ಷ ಒಂದೇ ಸ್ಕೂಟರಿನ ಮೇಲೆ ತಿರುಗಿದವರು ನಾವು. ಎಮ್ಮೆ ಹಿಡಿಯುವವನು ಅವನು, ಸೂಜಿ ಚುಚ್ಚುವವನು ನಾನು. ಒದೆ ಮಾತ್ರ ಇಬ್ಬರೂ ಸಮನಾಗಿ ತಿಂದೆವು. ನನಗಿಂತ ಎರಡು ವರ್ಷ ಮೊದಲೇ ಅವನು ನಿವೃತ್ತನಾದ. ಈಗ ಗುರುವಾರ ಬೆಳಗಾವಿಯಲ್ಲಿ ಅವನಿಗೆ ಹೃದಯದ ಆಪರೇಷನ್. ಅದು ಮುಗಿದು ಅವನು ಚೇತರಿಸಿಕೊಳ್ಳುವವರೆಗೆ ಅವನ ನಾಯಿ ನಮ್ಮ ಮನೆಯಲ್ಲಿರಬೇಕಂತೆ.

ನಾಯಿಯೋ, ಮೊಣಕಾಲೆತ್ತರ. ಕಪ್ಪು, ಕಂದು, ಬಿಳಿ ಮೂರೂ ಬಣ್ಣ. ನೆಲ ಗುಡಿಸುವಂಥ ಕಿವಿ. ಬಾಲದ ತುದಿ ಮಾತ್ರ ಸುಣ್ಣದಲ್ಲಿ ಅದ್ದಿದಷ್ಟು ಬಿಳಿ. ಸಕ್ಕರೆ ಕಾರ್ಖಾನೆಯ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದು. ಸೈಮಾ ಅದಕ್ಕೆ ಬದಾಮ ಎಂದು ಹೆಸರಿಟ್ಟಿದ್ದಾಳೆ.

"ಕಾಶಿ, ಇದು ಬೀಗಲ್ ಜಾತಿ. ಹನ್ನೊಂದ ಕಿಲೋ ಐತಿ. ಹೆಂಗ ಕೊಟ್ಟೇನಿ ಹಂಗ ತಿರಗಿ ಕೊಡಬೇಕ ನೋಡ" ಎಂದ ರಮಜಾನ. "ಮುಂಜಾನಿ ಒಂದ ವಾಟಿ, ಸಂಜಿಕ ಒಂದ ವಾಟಿ. ಅದರ ಮ್ಯಾಲ ಎಷ್ಟ ಸೋಗ ಹಾಕಿದ್ರೂ ಕೊಡಬ್ಯಾಡ. ಇದರ ಹೊಟ್ಟಿಗಿ ತಳಾ ಇಲ್ಲ."

"ಮೂವತ್ನಾಲ್ಕ ವರ್ಷ ದನದ ದವಾಖಾನ್ಯಾಗ ಇದ್ದಾಂವ ನಾ. ನನಗ ನಾಯಿ ಬಗ್ಗೆ ಹೇಳಾಕ ಬಂದಿ?" ಎಂದೆ.

ಅವನು ನಕ್ಕ. ಹೊರಡುವಾಗ ನನ್ನ ಕೈ ಹಿಡಿದು ಸ್ವಲ್ಪ ಹೊತ್ತು ನಿಂತ. ನಾನೇ ಬಿಡಿಸಿಕೊಂಡೆ.

ನಾಯಿಯನ್ನು ಹೊರಗೆ ಕಟ್ಟೆಯ ಮೇಲೆ ಕಟ್ಟಿದ್ದೇನೆ. ಪೂಜೆ ಪುನಸ್ಕಾರ ನಡೆಯುವ ಮನೆ ಇದು, ಹೊಸಿಲು ದಾಟಕೂಡದು ಎಂದು ಹೆಂಡತಿ ಭಾಗ್ಯಾಗೆ ಹೇಳಿದೆ. ಅವಳು ನಾಯಿಗೆ ಹೇಳಿದಳು.

ಜೂನ್ ೯, ಸೋಮವಾರ

ನಾಯಿ ಎಂದರೆ ನಾಗನೂರಿನಲ್ಲಿ ಅಪ್ಪ ಸಾಕಿದ್ದ ಮಿಂಚಿ. ಮುಧೋಳ ತಳಿ. ಚೂಪು ಮೂತಿ, ಹಿಡಿಯಲ್ಲಿ ಹಿಡಿಯಬಹುದಾದ ಸೊಂಟ. ಜೋಳ ಕೊಯ್ದ ಹೊಲದ ಆಚೆ ಬದುವಿನಲ್ಲಿ ಮೊಲದ ಕಿವಿ ಅಲ್ಲಾಡಿದರೆ ಸಾಕು, ಅದಕ್ಕೆ ಕಾಣುತ್ತಿತ್ತು. ಅಪ್ಪ ವೀರಪ್ಪ ಬೆರಳೆತ್ತುವುದೇ ತಡ, ಅದು ಆಗಲೇ ಅರ್ಧ ಹೊಲ ದಾಟಿರುತ್ತಿತ್ತು. ಹಿಂದೆ ನಾನು ಚಡ್ಡಿ ಎಳೆದುಕೊಳ್ಳುತ್ತ ಓಡುತ್ತಿದ್ದೆ. ಆ ಓಟದ ಗಾಳಿ ಇನ್ನೂ ನನ್ನ ಕಿವಿಯಲ್ಲಿದೆ.

ಬದಾಮನನ್ನು ಹಿತ್ತಲ ಬಯಲಿಗೆ ಕರೆದೊಯ್ದು ಪರೀಕ್ಷೆ ಮಾಡಿದೆ. ಅರಿವೆಯ ಚೆಂಡು ಮಾಡಿ ದೂರ ಎಸೆದೆ. ಅದು ಚೆಂಡನ್ನು ನೋಡಲೇ ಇಲ್ಲ, ನನ್ನ ಅಂಗೈ ಮೂಸಿತು. ಆಮೇಲೆ ಮೂಗು ನೆಲಕ್ಕೆ ಹಚ್ಚಿ, ಮೂಗುತಿ ಕಳೆದುಕೊಂಡ ಮುದುಕಿಯಂತೆ ಅತ್ತ ಇತ್ತ ಹುಡುಕುತ್ತ, ಹತ್ತು ಹೆಜ್ಜೆಯ ದಾರಿಗೆ ಐವತ್ತು ಹೆಜ್ಜೆ ಹಾಕಿ ಚೆಂಡು ಮುಟ್ಟಿತು. ಮುಟ್ಟಿದ ಮೇಲೂ ತರಲಿಲ್ಲ.

"ಕಣ್ಣಿದ್ದೂ ಕುರಡ ಐತಿ ಇದು" ಎಂದೆ.

"ಮೂಗ ಐತೆಲ್ರಿ ಅದಕ್ಕ" ಎಂದಳು ಭಾಗ್ಯಾ. ಹೆಂಗಸರಿಗೆ ಬೇಟೆ ನಾಯಿಯ ವಿಷಯ ತಿಳಿಯುವುದಿಲ್ಲ.

ಜೂನ್ ೧೨, ಗುರುವಾರ

ಆಪರೇಷನ್ ಹತ್ತಕ್ಕೆ ಎಂದಿದ್ದರು. ಹತ್ತಕ್ಕೆ ಬದಾಮನ ಕಿವಿ ತೊಳೆದೆ. ಉದ್ದ ಕಿವಿಯ ನಾಯಿಗೆ ಒಳಗೆ ಗಾಳಿಯಾಡುವುದಿಲ್ಲ, ಬೇಗ ಹುಣ್ಣಾಗುತ್ತದೆ. ಆಮೇಲೆ ಉಗುರು ಕತ್ತರಿಸಿದೆ. ಆಮೇಲೆ ಮತ್ತೊಮ್ಮೆ ಕಿವಿ ತೊಳೆದೆ.

ನಾಲ್ಕಕ್ಕೆ ಸೈಮಾಳ ಫೋನ್. "ಆತ್ರಿ ಕಾಕಾ, ಚಲೋ ಆತು."

ನಾಯಿಗೆ ಒಂದು ವಾಟಿ ಅನ್ನ ಹೆಚ್ಚು ಹಾಕಿದೆ.

ಜೂನ್ ೧೭, ಮಂಗಳವಾರ

ಇದರ ಮೂಗಿನ ಬುದ್ಧಿ ನಿಧಾನವಾಗಿ ತಿಳಿಯುತ್ತಿದೆ. ಓಣಿಯಲ್ಲಿ ಯಾರ ಮನೆಯ ರೊಟ್ಟಿ ಹಂಚು ಯಾವಾಗ ಕಾಯುತ್ತದೆಂದು ಒಂದೇ ವಾರದಲ್ಲಿ ಪಾಠ ಮಾಡಿಕೊಂಡಿದೆ. ಬಾಲವನ್ನು ಧ್ವಜದಂತೆ ಎತ್ತಿಕೊಂಡು ಹೊರಟರೆ ಕರೆದರೂ ಕೇಳುವುದಿಲ್ಲ, ಬೈದರೂ ಕೇಳುವುದಿಲ್ಲ. ಹೊಸಬರನ್ನು ಕಂಡರೆ ಬೊಗಳುವುದೂ ಇಲ್ಲ. ಕಳ್ಳ ಬಂದರೆ ಪೆಟ್ಟಿಗೆಯ ಕೀಲಿ ಎಲ್ಲಿದೆ ಎಂದು ಇದೇ ತೋರಿಸೀತು. ಆದರೆ ಎರಡು ನಿಮಿಷ ಒಂಟಿಯಾಗಿ ಬಿಟ್ಟರೆ ಮಾತ್ರ ತಲೆ ಮೇಲೆತ್ತಿ ಒಂದು ರಾಗ ತೆಗೆಯುತ್ತದೆ, ಓಣಿಯೇ ಹೊರಗೆ ಬರುತ್ತದೆ. ಅದಕ್ಕೇ ಈಗ ರಾತ್ರಿ ಪಡಸಾಲೆಯಲ್ಲಿ ಕಟ್ಟುತ್ತಿದ್ದೇನೆ.

ರೊಟ್ಟಿ ಬಡಿಯುವಾಗ ಕಡೆಯ ಉಳಿಕೆ ಹಿಟ್ಟಿನದು ನಾಯಿಯ ರೊಟ್ಟಿ. ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ ಈ ಪದ್ಧತಿ. ನಾಗನೂರಿನಲ್ಲಿ ಅವ್ವ ಅಂಗೈಯಗಲದ ಆ ಪುಟ್ಟ ರೊಟ್ಟಿಯನ್ನು ಹಂಚಿನಿಂದ ತೆಗೆದ ಕೂಡಲೇ ನಾನು, ತಂಗಿ ಅದಕ್ಕಾಗಿ ಕಿತ್ತಾಡುತ್ತಿದ್ದೆವು. ದೊಡ್ಡ ರೊಟ್ಟಿ ಬುಟ್ಟಿ ತುಂಬ ಇದ್ದರೂ ನಮಗೆ ಅದೇ ಬೇಕು. "ನಾಯಿ ಪಾಲ ತಿಂದ್ರ ನಾಯಿ ಋಣಾ ಹತ್ತತೈತಿ" ಎಂದು ಅವ್ವ ಬೈಯುತ್ತಿದ್ದಳು. ಆ ರುಚಿ ಮತ್ತೆ ಯಾವ ರೊಟ್ಟಿಯಲ್ಲೂ ಸಿಗಲಿಲ್ಲ.

ಈಗ ನಮ್ಮ ಓಣಿಯಲ್ಲಿ ನಾಯಿ ರೊಟ್ಟಿಯೆಲ್ಲ ಬದಾಮನಿಗೆ. ರಮಜಾನ ಹೇಳಿದ್ದು ವಾಟಿಯ ಲೆಕ್ಕ. ರೊಟ್ಟಿಯ ಬಗ್ಗೆ ಅವನು ಏನೂ ಹೇಳಿರಲಿಲ್ಲ.

ಜೂನ್ ೨೫, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಎತ್ತು ಮಾಡಿದೆ. ಕಣ್ಣಿಗೆ ಹಚ್ಚಿದ್ದ ಜೋಳದ ಕಾಳನ್ನು ಬದಾಮ ನೆಕ್ಕಿ ತೆಗೆದು ಎರಡೂ ಎತ್ತನ್ನು ಕುರುಡು ಮಾಡಿತು. ಯಮಕನಮರಡಿಯಲ್ಲಿದ್ದಾಗ ಪ್ರತಿ ವರ್ಷ ಹಳ್ಳದ ಎರೆಮಣ್ಣು ತಂದುಕೊಡುತ್ತಿದ್ದವನು ರಮಜಾನ. ನಾನು ಮಾಡಿದ ಎತ್ತು ನೋಡಿ, "ಇದಕ ಸೂಜಿ ಮಾಡಬೇಕ ಕಾಶಿ, ಹೊಟ್ಟಿ ಉಬ್ಬೇತಿ" ಎನ್ನುತ್ತಿದ್ದ.

ಮಧ್ಯಾಹ್ನ ಸೈಮಾ ಫೋನ್ ಮಾಡಿದಳು. ಎದೆಯ ಗಾಯಕ್ಕೆ ಕೀವಾಗಿದೆಯಂತೆ, ಇನ್ನೂ ಬಹಳ ದಿನ ಆಸ್ಪತ್ರೆಯಲ್ಲೇ ಇರಬೇಕಂತೆ. "ಅಪ್ಪಾ ನಿಮ್ಮನ್ನ ಕೇಳತಿರತಾರ್ರಿ ಕಾಕಾ."

"ಒಮ್ಮಿ ಹೋಗಿ ನೋಡಿ ಬರ್ರಿ" ಎಂದಳು ಭಾಗ್ಯಾ.

"ನಾಯಿ ಯಾರ ನೋಡಾವ್ರು?"

"ನಾ ಏನ ಊರಾಗಿಲ್ಲೇನ್ರಿ?"

ಹದಿನೆಂಟು ವರ್ಷದ ಹಿಂದೆ ಅಪ್ಪನನ್ನು ನೋಡಲು ಬೆಳಗಾವಿಯ ಆಸ್ಪತ್ರೆಗೆ ಹೋಗಿದ್ದೆ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ಯಾರ್ರಿ ನೀವು?" ಎಂದರು. ಮರುದಿನ ತೀರಿಹೋದರು. ಅದು ಬೇರೆ ವಿಷಯ, ಇಲ್ಲಿ ಬರೆಯುವ ಕಾರಣವಿಲ್ಲ.

ಜುಲೈ ೩, ಗುರುವಾರ

ವಿಡಿಯೋ ಕಾಲ್. ರಮಜಾನನ ಕೆನ್ನೆ ಒಳಗೆ ಹೋಗಿದೆ. "ಬದಾಮನ್ನ ತೋರಸೋ" ಎಂದ. ಮುಖ ಮಾತ್ರ ಕಾಣುವಂತೆ ಫೋನ್ ಹಿಡಿದೆ. ಯಾಕೆಂದರೆ ಕುತ್ತಿಗೆಯಿಂದ ಕೆಳಗೆ ಈಗ ಅದು ನಾಯಿಯಂತಿಲ್ಲ, ನಾಲ್ಕು ಕಾಲಿನ ಕೊಡದಂತಿದೆ.

"ಪೂರಾ ತೋರಸೋ."

"ನೆಟ್‌ವರ್ಕ್ ಇಲ್ಲ" ಎಂದು ಇಟ್ಟುಬಿಟ್ಟೆ. ಅವನ ಮುಖವನ್ನೂ ಹೆಚ್ಚು ಹೊತ್ತು ನೋಡಲಾಗುತ್ತಿರಲಿಲ್ಲ.

ಜುಲೈ ೧೦, ಗುರುವಾರ

ಕಾಳಿನ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿದೆ. ಹದಿನೈದೂ ಕಾಲು ಕಿಲೋ! ಒಂದು ತಿಂಗಳು! ಅಂಗಡಿಯವರು, "ಏನ ಹಾಕತೀರ್ರಿ ಕಾಶಿನಾಥ, ನಮ್ಮ ಎಮ್ಮಿಗೂ ಹೇಳ್ರಿ" ಎಂದರು.

ಹಾಕುವುದು ನಾನಲ್ಲ, ಹನ್ನೊಂದು ಮನೆಯವರು. ಒಂದೊಂದು ಮನೆಯವರೂ ತಮ್ಮದೊಂದೇ ರೊಟ್ಟಿ ಎಂದುಕೊಂಡಿದ್ದಾರೆ. ಮಿಂಚಿ ಹೊಟ್ಟೆ ತುಂಬಿದರೆ ಮುಖ ತಿರುಗಿಸುತ್ತಿತ್ತು. ಎಲ್ಲ ನಾಯಿಯೂ ಹಾಗೇ ಎಂದುಕೊಂಡದ್ದು ನನ್ನ ತಪ್ಪು. ಈ ಜಾತಿಗೆ ಸಾಕು ಎನ್ನುವ ಮಾತೇ ಗೊತ್ತಿಲ್ಲ. ಇದರ ಮೂಗು ಬರೀ ಹೊಟ್ಟೆಯ ಆಳು. ಹೆಂಗ ಕೊಟ್ಟೇನಿ ಹಂಗ ಎಂದಿದ್ದ ರಮಜಾನ. ನಾನು ಮಾತು ಉಳಿಸಿಕೊಳ್ಳಲಿಲ್ಲ.

ಜುಲೈ ೧೩, ರವಿವಾರ

ಮನೆಮನೆಗೆ ಹೋಗಿ ರೊಟ್ಟಿ ಹಾಕಬೇಡಿ ಎಂದು ಕೈ ಮುಗಿದೆ. ಹತ್ತು ಮನೆಯವರು ಒಪ್ಪಿದರು. ಎದುರು ಮನೆಯ ಕೆಂಚವ್ವ ಒಪ್ಪಲಿಲ್ಲ. ಎಪ್ಪತ್ತೆಂಟು ವರ್ಷ, ಮಾತು ಮಾತ್ರ ಇಪ್ಪತ್ತರದ್ದು.

"ಬಾಗಲಿಗಿ ಬಂದ ಬಾಯಿಗಿ ಇಲ್ಲ ಅನ್ನಾಕ ನನ್ನ ನಾಲಿಗಿ ಏಳಂಗಿಲ್ಲೋ ತಮ್ಮಾ."

"ಯವ್ವಾ, ಅದು ನನ್ನ ನಾಯಿ ಅಲ್ಲ. ಮಂದಿ ಒಪ್ಪಿಸಿದ್ದು."

"ಮಂದಿ ಒಪ್ಪಿಸಿದ್ದನ್ನ ಉಪವಾಸ ಕೆಡವತಿ? ಚಲೋ ಗೆಳ್ಯಾ ಅದಿ ಬಿಡು."

ಸಂಜೆ ಬದಾಮ ಮೀಸೆ ನೆಕ್ಕಿಕೊಳ್ಳುತ್ತ ಬಂತು. ತುಪ್ಪದ ವಾಸನೆ. ನಾಳೆಯಿಂದ ಹಗ್ಗ ಹಾಕಿ ನಾನೇ ಕೆರೆ ದಾರಿಗೆ ಅಡ್ಡಾಡಿಸುತ್ತೇನೆ, ಬೆಳಿಗ್ಗೆ ನಾಲ್ಕು ಮೈಲಿ, ಸಂಜೆ ಎರಡು.

ಜುಲೈ ೨೦, ರವಿವಾರ

ರಮಜಾನನನ್ನು ಮೂಡಲಗಿಗೆ ಕರೆತಂದಿದ್ದಾರೆ. ಭಾಗ್ಯಾ ಸುದ್ದಿ ಕೇಳಿದ್ದೇ ತಡ, ಅಂಟಿನ ಉಂಡಿ ಕಟ್ಟಿದಳು. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ, ಹಿಡಿ ಹಿಡಿ ಒಣದ್ರಾಕ್ಷಿ. ಬಾಣಂತಿಗೂ ಬೇನೆಯಿಂದ ಎದ್ದವರಿಗೂ ನಮ್ಮಲ್ಲಿ ಇದೇ ಶಕ್ತಿ. ಡಬ್ಬಿ ತುಂಬಿ ಕಪಾಟಿನ ಮೇಲಿಟ್ಟು, "ನಾಳಿಗಿ ಹೋಗಿ ಕೊಟ್ಟ ಬರ್ರಿ" ಎಂದಳು.

ನಾಳೆ ಹೋಗುತ್ತೇನೆ.

ಜುಲೈ ೨೧, ಸೋಮವಾರ

ಮಳೆ.

ಜುಲೈ ೨೩, ಬುಧವಾರ

ಹೋಗುವುದಕ್ಕೇನು, ಒಂದು ತಾಸಿನ ದಾರಿ. ಆದರೆ ನಾಯಿ ಇನ್ನೂ ಹದಿನಾಲ್ಕು ಕಿಲೋ ಇದೆ. ಹನ್ನೊಂದಾದ ಮೇಲೆ ನಾಯಿ, ಉಂಡಿ ಎರಡನ್ನೂ ಒಟ್ಟಿಗೇ ಒಯ್ಯುವುದು ಸರಿ.

ಕೆರೆ ದಾರಿಯಲ್ಲಿ ಇದರ ಹಿಂದೆ ನಡೆಯುವುದು ಅಭ್ಯಾಸವಾಗಿದೆ. ಎಲ್ಲ ಗಿಡದ ಬುಡದಲ್ಲೂ ನಿಲ್ಲಬೇಕು. ಮೊದಮೊದಲು ಹಗ್ಗ ಜಗ್ಗುತ್ತಿದ್ದೆ. ಈಗ ನಾನೂ ನಿಲ್ಲುತ್ತೇನೆ. ಮಿಂಚಿಯ ಹಿಂದೆ ಓಡುವಾಗ ಹೊಲವೆಲ್ಲ ಒಂದೇ ಗೆರೆಯಾಗಿ ಕಾಣುತ್ತಿತ್ತು. ನೆಲದಲ್ಲಿ ಇಷ್ಟೊಂದು ಸಂಗತಿ ಇವೆಯೆಂದು ನನಗೆ ತಿಳಿದಿರಲಿಲ್ಲ. ಇವತ್ತು ಒಂದು ಬಿಲದ ಮುಂದೆ ಇಬ್ಬರೂ ಕಾಲು ಗಂಟೆ ಕುಳಿತಿದ್ದೆವು. ಏನೂ ಹೊರಗೆ ಬರಲಿಲ್ಲ. ಚಲೋ ಅನಿಸಿತು.

ಜುಲೈ ೨೭, ರವಿವಾರ

ಹದಿಮೂರೂವರೆ. ಭಾಗ್ಯಾ ಉಂಡಿಯ ಡಬ್ಬಿಯನ್ನು ಕಪಾಟಿನ ಮೇಲಿಂದ ಇಳಿಸಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಇಟ್ಟಿದ್ದಾಳೆ, ಹೊರಗೆ ಹೋಗುವಾಗೆಲ್ಲ ಕಣ್ಣಿಗೆ ಬೀಳಲಿ ಎಂದು.

ಜುಲೈ ೨೯, ಮಂಗಳವಾರ

ನಾಗರ ಪಂಚಮಿ. ಹುತ್ತಕ್ಕೆ ಹಾಲೆರೆಯಲು ಹೋಗಿದ್ದೆವು. ತಿರುಗಿ ಬರುವಷ್ಟರಲ್ಲಿ ಸ್ಟೂಲು ಬಿದ್ದಿತ್ತು, ಡಬ್ಬಿ ಖಾಲಿಯಾಗಿತ್ತು. ಇಪ್ಪತ್ತು ಉಂಡಿ. ಬದಾಮ ಡಬ್ಬಿಯೊಳಗೆ ತಲೆ ಹಾಕಿ ನಿಂತಿತ್ತು.

ಮೊದಲು ನಕ್ಕೆ. ಅಜೀರ್ಣ ಆದೀತು, ಉಪವಾಸ ಕೆಡವಿದರಾಯಿತು ಎಂದೆ. ಮೂರು ಗಂಟೆಗೆ ವಾಂತಿ ಶುರುವಾಯಿತು. ನಾಲ್ಕಕ್ಕೆ ನಾಯಿಯ ಕಾಲು ನಡುಗತೊಡಗಿತು. ಎತ್ತಿಕೊಂಡು ದವಾಖಾನೆಗೆ ಓಡಿದೆ.

ಹೊಸ ಡಾಕ್ಟರ್ ಸುಮನ ಮೇಡಂ ಕೇಳಿದ ಮೊದಲ ಮಾತು, "ಒಣದ್ರಾಕ್ಷಿ ಇದ್ದೂವೇನ್ರಿ?"

"ಇದ್ದೂರಿ, ಭಾಳ."

"ನಾಯಿಗಿ ದ್ರಾಕ್ಷಿ ವಿಷಾ ರೀ ಸರ್. ಕಿಡ್ನಿ ಕೆಟ್ಟ ಹೊಕ್ಕಾವು."

ಮೂವತ್ತನಾಲ್ಕು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಕೈಗೆ ಬಂದದ್ದೆಲ್ಲ ಎಮ್ಮೆ, ಎತ್ತು. ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ನಾನು ಕೇಳುವವನೇ ಅಲ್ಲ.

ಜುಲೈ ೩೦, ಬುಧವಾರ

ಬೆಳಿಗ್ಗೆಯಿಂದ ಸಲೈನ್. ಮೂತ್ರ ಮಾಡಿಲ್ಲ. ಮಾಡಿದರೆ ಬದುಕುತ್ತದೆ, ಇಲ್ಲದಿದ್ದರೆ ಇಲ್ಲ ಎಂದರು ಮೇಡಂ. ದಿನವಿಡೀ ಅದರ ಕಾಲ ಬಳಿ ಕುಳಿತಿದ್ದೆ. ನನ್ನ ಊಟದ ಡಬ್ಬಿ ತೆರೆದೆ, ಮೂಗು ಅಲ್ಲಾಡಲಿಲ್ಲ.

ಜುಲೈ ೩೧, ಗುರುವಾರ

ಇವತ್ತೂ ಮೂತ್ರ ಇಲ್ಲ.

ಕೆಂಚವ್ವ ದವಾಖಾನೆಗೆ ಬಂದಿದ್ದಳು. ಸೆರಗಿನಲ್ಲಿ ರೊಟ್ಟಿ. ಕೊಡಲಿಲ್ಲ, ತೋರಿಸಲೂ ಇಲ್ಲ. ಬಂದು ನನ್ನ ಬಾಜೂ ನೆಲದ ಮೇಲೆ ಕುಳಿತಳು.

ಎರಡನೇ ತಾರೀಖಿಗೇ ಉಂಡಿ ಒಯ್ದುಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲ. ತಾರೀಖು ತಪ್ಪಿ ಬರೆದೆ. ಇಪ್ಪತ್ತೊಂದಕ್ಕೆ. ಕೊಟ್ಟ ಡಬ್ಬಿ ಒಯ್ಯದಿರಲು ಎಂಟು ದಿನ ನೆಪ ಹುಡುಕಿದೆ. ಮಳೆ ಎಂದೆ, ತೂಕ ಎಂದೆ. ಆಸ್ಪತ್ರೆಗೂ ಹೋಗಲಿಲ್ಲ. ನಾಯಿಯ ತೂಕ ಇಳಿಯದೇ ಇರಲಿ ಎಂದು ಒಳಗೆಲ್ಲೋ ಬೇಡಿಕೊಳ್ಳುತ್ತಿದ್ದೆನೇನೋ.

ಆಗಸ್ಟ್ ೧, ಶುಕ್ರವಾರ

ಮಾಡಿತು! ಹನ್ನೊಂದೂ ಹತ್ತಕ್ಕೆ, ದವಾಖಾನೆಯ ಫರಸಿಯ ಮೇಲೆ, ನನ್ನ ಧೋತರದ ಮೇಲೆ. ಇಂಥ ಒಳ್ಳೆಯ ಸಂಗತಿ ಈ ಧೋತರಕ್ಕೆ ಎಂದೂ ಆಗಿರಲಿಲ್ಲ. ಮೇಡಂ ಮುಂದೆ ಅತ್ತೆ. ಅವರು ಆಚೆ ನೋಡುವಂತೆ ಮಾಡಿ ಸಲೈನ್ ಬಾಟಲಿ ಬದಲಿಸಿದರು.

ಆಗಸ್ಟ್ ೪, ಸೋಮವಾರ

ಮನೆಯಲ್ಲಿದೆ. ಗಂಜಿ ಕುಡಿಯಿತು. ನನ್ನ ಮಂಚದ ಕೆಳಗೇ ಮಲಗುತ್ತದೆ, ಯಾವಾಗಿನಿಂದ ಎಂದು ನೆನಪಿಲ್ಲ. ತೂಗಿದೆ, ಹತ್ತೂಮುಕ್ಕಾಲು. ಇನ್ನು ನೆಪವಿಲ್ಲ. ನಾಳೆ ಬಿಟ್ಟು ಬರುತ್ತೇನೆ.

ಆಗಸ್ಟ್ ೫, ಮಂಗಳವಾರ

ಹೋಗುವಾಗ ಟಂಟಂ ರಿಕ್ಷಾ ಮಾಡಿಕೊಂಡು ಹೋದೆ, ಬದಾಮ ತೊಡೆಯ ಮೇಲೆ.

ರಮಜಾನ ಪಡಸಾಲೆಯ ಮಂಚದ ಮೇಲಿದ್ದ. ಎಮ್ಮೆಯ ಕೊಂಬು ಹಿಡಿದು ಬಗ್ಗಿಸುತ್ತಿದ್ದ ತೋಳು ಒಣಗಿದ ಬಾರುಕೋಲಿನಷ್ಟಾಗಿತ್ತು. ಬದಾಮ ಅವನ ಪಾದದಿಂದ ಶುರು ಮಾಡಿ ಮೊಣಕಾಲು, ಕೈ, ಎದೆಯ ಮೇಲಿನ ಗಾಯದ ಪಟ್ಟಿ ಎಲ್ಲ ಮೂಸಿ ನೋಡಿ, ಬಾಲ ಅಲ್ಲಾಡಿಸಿ ಅವನ ಪಕ್ಕ ಮಲಗಿತು.

ನಿಂತೇ ಎಲ್ಲ ಹೇಳಿದೆ. ರೊಟ್ಟಿ, ಹದಿನೈದು ಕಿಲೋ, ಉಂಡಿ, ಸಲೈನ್. ಏನನ್ನೂ ಬಿಡಲಿಲ್ಲ.

"ಉಂಡಿ ನನಗಂತ ಮಾಡಿದ್ದೇನು?" ಎಂದ.

"ಹೌದು."

"ಅಪ್ಪಗ ತುಪ್ಪಾ ಬಂದ್ ಮಾಡ್ಯಾರ್ರಿ ಕಾಕಾ" ಎಂದು ಸೈಮಾ ನಕ್ಕಳು. "ಡಾಕ್ಟರ್ ದಿನಾ ಅಡ್ಡಾಡ್ರಿ ಅಂದಾರ. ಇವ್ರು ಅಂಜಿ ಹೊಸ್ತಲಾನೂ ದಾಟಂಗಿಲ್ಲ. ಹದಿನೈದ ದಿನ ಆತು, ಮಂಚಾ ಬಿಟ್ಟಿಲ್ಲ. ನೀವರ ಹೇಳ್ರಿ."

ರಮಜಾನ ನಾಯಿಯ ಬೆನ್ನು ಸವರುತ್ತ ನನ್ನ ಕಡೆ ನೋಡದೆ ಕೇಳಿದ, "ಒಮ್ಮೀನೂ ಬರಲಿಲ್ಲಲ್ಲೋ ಕಾಶಿ."

"ನಾಯಿ ಇತ್ತಲ್ಲ."

"ಹೌದ ಬಿಡು. ನಾಯಿ ಇತ್ತು."

ಚಹಾ ಕುಡಿದೆ. ಇನ್ನು ಕುಳಿತಿರಲು ಆಗಲಿಲ್ಲ. ಹಗ್ಗವನ್ನು ಅವನ ಕೈಗೆ ಕೊಟ್ಟು ಹೊರಟೆ. ಬದಾಮ ತಲೆಯೆತ್ತಿಯೂ ನೋಡಲಿಲ್ಲ. ಸೈಮಾ ವಾಟಿಯಲ್ಲಿ ಏನೋ ಹಾಕುತ್ತಿದ್ದಳು. ಇದು ನೋಡುವ ಜಾತಿಯಲ್ಲ, ತಿನ್ನುವ ಜಾತಿ ಎಂದು ನನಗೇ ಹೇಳಿಕೊಂಡು ಎರಡು ಓಣಿ ದಾಟಿ, ಸಂತೆ ಬಯಲು ದಾಟಿ ಬಸ್ ಸ್ಟ್ಯಾಂಡಿಗೆ ಬಂದೆ. ಕೈ ಹಗುರವಾಗಿತ್ತು. ಎಲ್ಲಿ ಇಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟೆ.

ಕಲ್ಲಿನ ಬೆಂಚಿನ ಮೇಲೆ ಕುಳಿತು ಕಾಲು ಗಂಟೆ ಆಗಿರಬೇಕು. ಸಂತೆ ಬಯಲಿನ ಆಚೆಯಿಂದ ಆ ರಾಗ ಕೇಳಿಸಿತು. ಬೊಗಳುವುದೂ ಅಲ್ಲ, ಅಳುವುದೂ ಅಲ್ಲ. ಎದ್ದು ನಿಂತೆ. ಬದಾಮ ಮೂಗನ್ನು ನೆಲಕ್ಕೆ ಹಚ್ಚಿ, ನಾನು ಎಲ್ಲೆಲ್ಲಿ ಕಾಲಿಟ್ಟಿದ್ದೆನೋ ಅಲ್ಲಲ್ಲೇ ಬರುತ್ತಿತ್ತು. ಎಮ್ಮೆ ಬಂತೆಂದು ನಾನು ಬದಿಗೆ ಸರಿದ ಕಡೆ ಅದೂ ಬದಿಗೆ ಸರಿಯಿತು. ಹಗ್ಗದ ಆ ತುದಿಯಲ್ಲಿ ಲುಂಗಿ ಬನಿಯನ್ನಿನಲ್ಲೇ ರಮಜಾನ. ಅವನ ರಟ್ಟೆ ಹಿಡಿದುಕೊಂಡು ಸೈಮಾ, "ಸಾವಕಾಶ ಅಪ್ಪಾ, ಸಾವಕಾಶ" ಎನ್ನುತ್ತಿದ್ದಳು. ಹೊಸಿಲು ದಾಟದವನು ಎರಡು ಓಣಿ, ಒಂದು ಬಯಲು ನಡೆದು ಬಂದಿದ್ದ.

ಬದಾಮ ನನ್ನ ಚಪ್ಪಲಿಯ ಮೇಲೆ ಮೂಗಿಟ್ಟು ನಿಂತುಬಿಟ್ಟಿತು. ನನ್ನ ಜೇಬಿನಲ್ಲಿ ರೊಟ್ಟಿಯ ಚೂರೂ ಇರಲಿಲ್ಲ.

"ವಾಟಿ ಬಿಟ್ಟ ಬಂತೋ ಇದು" ಎಂದ ರಮಜಾನ, ಬೆವರುತ್ತ. "ಅನ್ನಾ ಬಿಟ್ಟ ಬಂತು. ನಾ ಹಗ್ಗಾ ಬಿಡಲಿಲ್ಲ ನೋಡ."

ಅವನನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿದೆ. ಅವನ ಉಸಿರು ತಹಬಂದಿಗೆ ಬರುವವರೆಗೆ ಕಾದೆ. ಎರಡು ತಿಂಗಳು ಈ ಡೈರಿಗೂ ಹೇಳದ್ದನ್ನು ಹೇಳಿದೆ.

"ನೀ ಸಾಯ್ತಿ ಅಂತ ಅಂಜಿದ್ನಿ. ನೋಡಾಕ ಬಂದ್ರ ಸಾಯ್ತಿ ಅಂತ. ಅದಕ್ಕ ಬರಲಿಲ್ಲ. ನಾಯಿ ನೆಪಾ."

ರಮಜಾನ ಆ ಒಣಗಿದ ಕೈಯಿಂದ ನನ್ನ ಕೈ ಹಿಡಿದ.

"ನಾನೂ ಅಂಜಿದ್ನೋ ಹುಚ್ಚಾ. ನೀ ಬಾಜೂಕ ಇದ್ದಿದ್ರ ಇಬ್ರೂ ಕೂಡಿ ಅಂಜತಿದ್ವಿ."

ಗೋಕಾಕ ಬಸ್ಸು ಬಂತು. ಕಂಡಕ್ಟರ್ ಎರಡು ಸಲ ಕೂಗಿದ. ನಾನು ಕೈ ಬಿಡಿಸಿಕೊಳ್ಳಲಿಲ್ಲ.